ಹಿಲ್ಡಮ್ಮನ ಕೋಟು, ಅವ್ವನ ಹುಣಸೆಬೀಜ

ಜರ್ಮನಿಗೆ ಹೋಗಿಬಂದವರು ಅಲ್ಲಿನ ರೈಲು, ರಸ್ತೆ, ಕೋಟೆಗಳ ಬಗ್ಗೆ ಗಂಟೆಗಟ್ಟಲೆ ಹೇಳುತ್ತಾರೆ. ನನ್ನನ್ನು ಕೇಳಿದರೆ ಒಂದು ಕೋಟಿನ ಬಗ್ಗೆ ಮಾತ್ರ ಹೇಳಬಲ್ಲೆ. ಅದು ನನ್ನ ಕೋಟೂ ಅಲ್ಲ.

ಚಳ್ಳಕೆರೆ

ನಮ್ಮ ಮನೆತನದ ಕಸುಬು ಕಂಬಳಿ ನೇಯ್ಗೆ. ಅಪ್ಪ ನೇಯುತ್ತಿದ್ದರು, ಅವ್ವ ನೂಲುತ್ತಿದ್ದಳು. ನಾನು ಅಷ್ಟಿಷ್ಟು ನೇಯುವುದು ಕಲಿತು, ಆಮೇಲೆ ನೇಕಾರರ ಸಂಘದಲ್ಲಿ ಕಾರ್ಯದರ್ಶಿಯಾಗಿ ಕಾಗದ ಬರೆಯುತ್ತ ಕೂತವನು. ಮೊಬೈಲು ಇನ್ನೂ ನಮ್ಮ ಓಣಿಗೆ ಕಾಲಿಡದೆ, ಎಸ್‌ಟಿಡಿ ಬೂತಿನ ಮುಂದೆ ಜನ ಸಾಲು ನಿಲ್ಲುತ್ತಿದ್ದ ಕಾಲ. ಜರ್ಮನಿಯ ಒಂದು ಸಣ್ಣ ಪಟ್ಟಣದಲ್ಲಿ ನಾನಾ ದೇಶಗಳ ಉಣ್ಣೆ ನೇಕಾರರ ಮೇಳ ಇದೆ, ನೇಯ್ದು ತೋರಿಸಲು ಒಬ್ಬರನ್ನು ಕಳಿಸಿ ಎಂದು ಸಂಘಕ್ಕೆ ಕಾಗದ ಬಂತು. ಸಂಘದಲ್ಲಿದ್ದವರೆಲ್ಲ ನನಗಿಂತ ಚೆನ್ನಾಗಿ ನೇಯುವವರೇ. ಆದರೆ ಇಂಗ್ಲಿಷಿನಲ್ಲಿ ಬಂದ ಆ ಕಾಗದವನ್ನು ಓದಿ ಹೇಳಿದವನು ನಾನೊಬ್ಬನೇ. ಹಾಗಾಗಿ ಅದರಲ್ಲಿ ನನ್ನ ಹೆಸರೇ ಇದೆ ಎಂದು ಎಲ್ಲರೂ ನಂಬಿಬಿಟ್ಟರು.

ನಾನು ಉಳಿದುಕೊಳ್ಳುವ ಮನೆಯ ಯಜಮಾನಿ ರೈಫಲ್ ಶೂಟಿಂಗಿನಲ್ಲಿ ಆ ದೇಶದ ಚಾಂಪಿಯನ್ ಎಂದು ಕಾಗದದ ಕೊನೆಯಲ್ಲಿತ್ತು. ಇದನ್ನು ಗೆಳೆಯ ತಿಪ್ಪೇಸ್ವಾಮಿಗೆ ಹೇಳಿದ್ದೇ ತಪ್ಪಾಯಿತು. ಅವನದು ಎಸ್‌ಟಿಡಿ ಬೂತು, ಸುದ್ದಿ ಹಂಚುವುದೇ ವ್ಯಾಪಾರ.

"ಲೇ, ಹುಷಾರು ಕಣಲೇ," ಅಂದ. "ಸಾರಿಗೆ ಉಪ್ಪು ಕಮ್ಮಿ ಆಗೈತೆ ಗಿಮ್ಮಿ ಆಗೈತೆ ಅಂದೀಯಾ, ಹೊಡ್ದು ಬಿಸಾಕ್ತಾಳೆ!"

ಅವ್ವನಿಗೆ ಬಂದೂಕಿನ ಚಿಂತೆ ಇರಲಿಲ್ಲ, ಸಾರಿನದಿತ್ತು. ತವರಾದ ದೇವಸಮುದ್ರದಿಂದ ಬಂದಿದ್ದ ಎರಡು ಸೇರು ಹುಣಸೆಹಣ್ಣನ್ನು ಹಳೆ ಸೀರೆಯ ತುಂಡಿನಲ್ಲಿ ಕಟ್ಟಿ ನನ್ನ ಚೀಲದ ತಳಕ್ಕೆ ತುರುಕಿದಳು. ನೋಡಿದರೆ ಬೀಜ ಕೂಡ ತೆಗೆದಿಲ್ಲ.

"ಬೀಜನಾದ್ರೂ ತೆಗೀಬಾರದೇನವ್ವ? ಇಮಾನದಾಗೆ ಬೀಜ ಹೊತ್ಕೊಂಡು ಹೋಗ್ಲಾ?"

"ಬೀಜ ತೆಗೆದಿಟ್ರೆ ಹಣ್ಣು ಕೆಡ್ತೈತೆ. ಇಮಾನ ಏನು ನೀನು ಹೊರ್ತೀಯಾ? ಸುಮ್ನೆ ಒಯ್ಯಿ."

ಹೆಂಡತಿ ಗಂಗಮ್ಮ ಒಂದು ಬಟ್ಟೆಸೋಪು ತಂದಿಟ್ಟಳು. "ಅಲ್ಲಿ ನಿಮ್ ಬಟ್ಟೆ ನೀವೇ ಒಗ್ಕಬೇಕು ರೀ, ನೆಪ್ಪಿರ್ಲಿ," ಅಂದಳು. ನಾನು ಆವರೆಗೆ ಕರ್ಚೀಫನ್ನೂ ಒಗೆದವನಲ್ಲ. ಆದರೂ ಅದೇನು ಮಹಾ ವಿದ್ಯೆ ಎಂಬ ಮುಖ ಮಾಡಿ ಸೋಪನ್ನು ಒಳಗಿಟ್ಟುಕೊಂಡೆ.

ವಿಮಾನ ನಿಲ್ದಾಣ

ಇಳಿದ ಕೂಡಲೇ ನನ್ನನ್ನು ಮೊದಲು ಬರಮಾಡಿಕೊಂಡದ್ದು ಒಂದು ನಾಯಿ. ಕಳ್ಳಸಾಗಣೆ ಹಿಡಿಯುವ, ಒಳ್ಳೆ ತರಬೇತಿಯ ನಾಯಿ. ಅದು ನನ್ನ ಹೆಗಲ ಮೇಲಿನ ಕಂಬಳಿಯನ್ನು ಮೂಸಿತು, ಕಣ್ಣು ಅರ್ಧ ಮುಚ್ಚಿತು, ಕಂಬಳಿಯ ತುದಿ ಕಚ್ಚಿ ಎಳೆದು ಅದರ ಮೇಲೆ ಮಲಗಿಬಿಟ್ಟಿತು. ಪೊಲೀಸಿನವನು ಕರೆದ, ಬೈದ, ಬಿಸ್ಕತ್ತು ತೋರಿಸಿದ. ಏಳಲಿಲ್ಲ. ಅದರ ಅಜ್ಜ ಮುತ್ತಾತರು ಕುರಿ ಕಾದವರಿರಬೇಕು. ನಮ್ಮ ಕಂಬಳಿಯಲ್ಲಿ ಕುರಿಯ ವಾಸನೆ ಮಳೆಗಾಲ ಬೇಸಿಗೆ ಎರಡರಲ್ಲೂ ಇರುತ್ತದೆ.

ನಾಯಿ ಹೀಗೆ ಮಾಡಿದ್ದಕ್ಕೆ ಚೀಲ ಬಿಚ್ಚಿಸಿದರು. ಹುಣಸೆಯ ಗಂಟು ಬಿಚ್ಚಿದಾಗ ಮೂವರು ಅಧಿಕಾರಿಗಳು ಸುತ್ತ ನಿಂತರು. ಕಪ್ಪಗೆ, ಅಂಟಂಟಾಗಿ, ನಾರು ಬೀಜ ಎಲ್ಲ ಸೇರಿದ ಆ ಮುದ್ದೆಯನ್ನು ಪೆನ್ನಿನಿಂದ ಚುಚ್ಚಿದರು. ಪೆನ್ನು ಅಲ್ಲೇ ಉಳಿಯಿತು. ನಾನು ಒಂದು ಚೂರು ಕಿತ್ತು ಬಾಯಿಗೆ ಹಾಕಿಕೊಂಡು, ಬೀಜ ಉಗುಳಿ ತೋರಿಸಿದೆ. ಅವರಲ್ಲೊಬ್ಬ ಧೈರ್ಯಸ್ಥ ತಾನೂ ಒಂದು ಚೂರು ತಿಂದ. ಅವನ ಮುಖ ಸಹಜ ಸ್ಥಿತಿಗೆ ಬರುವಷ್ಟರಲ್ಲಿ ನನ್ನನ್ನು ಬಿಟ್ಟುಬಿಟ್ಟರು.

ಹಿಲ್ಡಮ್ಮನ ಮನೆ

ಶೂಟಿಂಗ್ ಚಾಂಪಿಯನ್ ಎಂದರೆ ದಪ್ಪ ಬೂಟು, ಕೆಂಗಣ್ಣು, ಗುಡುಗಿನಂಥ ದನಿ ಎಂದುಕೊಂಡಿದ್ದೆ. ಬಾಗಿಲು ತೆಗೆದವರು ನಲವತ್ತು ದಾಟಿದ, ಕನ್ನಡಕ ಹಾಕಿದ, ಸಣ್ಣ ದನಿಯ ಹೆಂಗಸು. ಊರಿನ ಅಂಚೆ ಕಚೇರಿಯ ಕೌಂಟರಿನಲ್ಲಿ ಕೆಲಸ. ಹೆಸರು ಹಿಲ್ಡಾ. ಅಷ್ಟು ಮರ್ಯಾದಸ್ಥ ಹೆಂಗಸನ್ನು ಬರೀ ಹಿಲ್ಡಾ ಎನ್ನಲು ನನಗೆ ನಾಲಿಗೆ ಬರಲಿಲ್ಲ, ಮೊದಲ ದಿನದಿಂದಲೇ ಹಿಲ್ಡಮ್ಮ ಮಾಡಿಕೊಂಡೆ. ಗಂಡ ಕಾರ್ಲ್ ಶಾಲೆಯ ಬಸ್ಸು ಓಡಿಸುವವನು. ಮನೆಯ ಅಡುಗೆ, ಮನೆಯ ಮಾತು ಎರಡೂ ಅವನದೇ. ಹಿಲ್ಡಮ್ಮ ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು.

ಮೌನ ನಮ್ಮ ಕಡೆಯವರಿಗೆ ಆಗಿಬರುವುದಿಲ್ಲ. ಎದುರು ಸಿಕ್ಕಾಗಲೆಲ್ಲ ನಾನು ಇಂಗ್ಲಿಷಿನಲ್ಲಿ "ಊಟ ಆಯ್ತಾ?" ಎಂದು ಕೇಳುತ್ತಿದ್ದೆ. ಊರಲ್ಲಿ ಬಸ್ಸಿನ ಕಿಟಕಿಯಿಂದಲೂ ಕೇಳುತ್ತೇವೆ, ಉತ್ತರ ಯಾರಿಗೂ ಬೇಕಾಗಿರುವುದಿಲ್ಲ. ಇವರು ಪ್ರಶ್ನೆಯನ್ನು ಪ್ರಶ್ನೆಯೆಂದೇ ತೆಗೆದುಕೊಳ್ಳುವ ಜನ. ನಾನು ಕೇಳಿದಾಗಲೆಲ್ಲ ಹಿಲ್ಡಮ್ಮ ಗಂಭೀರವಾಗಿ ಯೋಚಿಸಿ, ಅತಿಥಿಗೆ ಹಸಿವಾಗಿದೆ ಎಂದು ತೀರ್ಮಾನಿಸಿ, ಕಾರ್ಲ್ ಕಡೆ ನೋಡುವರು. ಕಾರ್ಲ್ ಬ್ರೆಡ್ಡು, ಬೆಣ್ಣೆ, ಆಲೂಗಡ್ಡೆ ತಂದಿಡುವನು. ತಂದಿಟ್ಟದ್ದನ್ನು ಬಿಟ್ಟೇಳುವುದು ಅವಮಾನ ಎಂದು ಬೆಳೆದವನು ನಾನು, ತಿನ್ನುತ್ತಿದ್ದೆ. ತಿಂದು ಎದ್ದು, ಮರ್ಯಾದೆಗೆ ಮತ್ತೆ "ಊಟ ಆಯ್ತಾ?" ಎನ್ನುತ್ತಿದ್ದೆ. ಎರಡು ದಿನದಲ್ಲಿ ನಾನು ಎಂಟು ಊಟ ಮಾಡಿದ್ದೆ. ಪಾಪ, ಇವನ ದೇಶದಲ್ಲಿ ಬರಗಾಲ ಇರಬೇಕು ಎಂಬಂತೆ ಕಾರ್ಲ್ ನನ್ನನ್ನು ನೋಡತೊಡಗಿದ.

ನೆಲಮಾಳಿಗೆ

ಬುಧವಾರ ಹಿಲ್ಡಮ್ಮ ನನ್ನನ್ನು ಮನೆಯ ನೆಲಮಾಳಿಗೆಗೆ ಕರೆದೊಯ್ದರು. ಉದ್ದನೆಯ ಕೋಣೆ. ಈ ತುದಿಯಲ್ಲಿ ಅವರು, ಹತ್ತು ಮೀಟರು ಆಚೆ ಒಂದು ರಟ್ಟು. ರಟ್ಟಿನ ನಟ್ಟನಡುವೆ ಒಂದು ಚುಕ್ಕಿ, ರಾಗಿಕಾಳಿಗಿಂತ ಸಣ್ಣದು. ಆ ಚುಕ್ಕಿಗೆ ಹೊಡೆಯಬೇಕು, ನಿಂತುಕೊಂಡೇ, ನಲವತ್ತು ಸಲ. ಚುಕ್ಕಿಗೆ ಬಿದ್ದರೆ ಹತ್ತು ಅಂಕ, ದೂರ ಸರಿದಷ್ಟೂ ಕಮ್ಮಿ.

ಹಿಲ್ಡಮ್ಮ ಗೂಟದಿಂದ ಒಂದು ಕೋಟು ತೆಗೆದು ಹಾಕಿಕೊಂಡರು. ನೀಲಿ ಬಣ್ಣದ್ದು, ದಪ್ಪ ಬಟ್ಟೆ, ಅಲ್ಲಲ್ಲಿ ಚರ್ಮ. ಗೂಟದಿಂದ ಇಳಿಸಿದರೂ ಕೋಟು ಮುದುಡಲಿಲ್ಲ, ಒಳಗೆ ಇನ್ನೊಬ್ಬರು ಇದ್ದಾರೆ ಎಂಬಂತೆ ನಿಂತೇ ಇತ್ತು. ಅದನ್ನು ತೊಟ್ಟು ಅವರು ತಗಡಿನ ಬೊಂಬೆಯ ಹಾಗೆ ನಡೆದು ಹೋಗಿ ರೈಫಲ್ ಎತ್ತಿದರು. ಆಮೇಲೆ ಏನೂ ಆಗಲಿಲ್ಲ. ಉಸಿರೂ ಕಾಣಲಿಲ್ಲ. ನನಗೆ ಆಕಳಿಕೆ ಬಂದು, ಅದನ್ನು ತಡೆದು, ಕಣ್ಣಲ್ಲಿ ನೀರು ಬಂದಾಗ ಟಪ್ ಎಂದಿತು. ಚುಕ್ಕಿ ಮಾಯ. ಮತ್ತೆ ಹೊಡೆದರು. ಮತ್ತೆ ಅಲ್ಲಿಗೇ.

ನಾನು ಇಂಥದ್ದನ್ನು ಕಂಡವನಲ್ಲ. ಕವಣೆಯಲ್ಲಿ ಕಲ್ಲು ಬೀಸಿ ಸಜ್ಜೆ ಹೊಲದ ಹಕ್ಕಿ ಓಡಿಸಿದವನು. ಅಲ್ಲಿ ಕಲ್ಲಿಗಿಂತ ಕೂಗಿಗೇ ಹಕ್ಕಿ ಹೆದರುವುದು. ಈ ತಾಯಿ ಕೂಗದೆ, ಕದಲದೆ, ಅಂಚೆಚೀಟಿಗೆ ಮುದ್ರೆ ಒತ್ತಿದಷ್ಟು ಸಲೀಸಾಗಿ ಚುಕ್ಕಿ ಹೊಡೆಯುತ್ತಿದ್ದರು. ನನಗೆ ಕೈ ಮುಗಿಯಬೇಕೆನಿಸಿತು, ಮುಗಿದೆ. ಅವರು ಕಾರ್ಲ್‌ನನ್ನು ಕೂಗಿದರು. ಬ್ರೆಡ್ಡು ಬಂತು.

ಆದರೆ ಆ ಕೋಟು ನನ್ನ ಮನಸ್ಸಿನಲ್ಲಿ ಉಳಿಯಿತು. ಹತ್ತಿರ ಹೋದಾಗ ವಾಸನೆ ನೋಡಿದ್ದೆ. ವರ್ಷಗಟ್ಟಲೆ ಬೆವರು ಕುಡಿದು ಕುಡಿದು ಹೀಗೆ ಹಲಗೆ ಕಟ್ಟಿದೆ ಎಂದು ನಾನು ತೀರ್ಮಾನಿಸಿದೆ. ಪಾಪ, ದುಡಿಯುವ ಹೆಂಗಸು, ಒಗೆಯಲು ಪುರುಸೊತ್ತೆಲ್ಲಿ?

ತೋಟದ ಕಲ್ಲು

ನಮ್ಮ ಕಡೆ ನೆಂಟರು ಎರಡು ದಿನಕ್ಕಿಂತ ಹೆಚ್ಚು ನಿಂತರೆ ಸುಮ್ಮನೆ ಕೂತು ತಿನ್ನುವುದಿಲ್ಲ. ಶೇಂಗಾನಾದರೂ ಸುಲಿದುಕೊಡುತ್ತಾರೆ. ಆ ಮನೆಯಲ್ಲಿ ಸುಲಿಯಲು ಶೇಂಗಾ ಇರಲಿಲ್ಲ, ಪಾತ್ರೆಗೆ ಒಂದು ಯಂತ್ರ, ನೆಲಕ್ಕೆ ಇನ್ನೊಂದು. ಮೇಳ ಶುರುವಾಗಲು ಇನ್ನೂ ನಾಲ್ಕು ದಿನವಿತ್ತು. ಗುರುವಾರ ಬೆಳಿಗ್ಗೆ ಇಬ್ಬರೂ ಕೆಲಸಕ್ಕೆ ಹೋದ ಮೇಲೆ, ಎಂಟು ಊಟದ ಋಣ ಹೊಟ್ಟೆಯಲ್ಲಿ ಭಾರವಾಗಿ ಕೂತಿದ್ದಾಗ, ನನಗೆ ಕೋಟಿನ ನೆನಪಾಯಿತು.

ಸ್ನಾನದ ತೊಟ್ಟಿಯಲ್ಲಿ ಬಿಸಿನೀರು ಬಿಟ್ಟು ಕೋಟು ನೆನೆಹಾಕಿದೆ. ಗಂಗಮ್ಮ ಕೊಟ್ಟ ಸೋಪು ಉಜ್ಜಿದೆ. ತೋಟದಲ್ಲಿ ಕೂರಲು ಒಂದು ಕಲ್ಲುಹಾಸು ಇತ್ತು. ಮೊಣಕಾಲ ಮೇಲೆ ಪ್ಯಾಂಟು ಮಡಿಚಿ, ಕೋಟನ್ನು ತಲೆಯ ಮೇಲೆ ಎತ್ತಿ ಎತ್ತಿ ಅದರ ಮೇಲೆ ಕುಕ್ಕಿದೆ. ಬೇಲಿಯಾಚೆಯ ಮುದುಕರೊಬ್ಬರು ಇಣುಕಿ, ಏನೋ ಹಗೆ ತೀರಿಸಿಕೊಳ್ಳುತ್ತಿದ್ದಾನೆ ಎಂದುಕೊಂಡು ಒಳಗೆ ಹೋದರು. ಮೊದಲು ಹಲಗೆಯಂತೆ ಸದ್ದು ಮಾಡುತ್ತಿದ್ದ ಕೋಟು ಮಧ್ಯಾಹ್ನದ ಹೊತ್ತಿಗೆ ಕೂಸಿನ ಕುಲಾವಿಯಷ್ಟು ಮೆತ್ತಗಾಯಿತು. ಬಿಸಿಲಿಗೆ ಹರವಿ, ಹೊಗಳಿಕೆಗೆ ಕಾಯುತ್ತ ಕೂತೆ.

ಸಂಜೆ ಹಿಲ್ಡಮ್ಮ ಬಂದರು. ನಾನು ಕೋಟನ್ನು ಎರಡೂ ಕೈಯಲ್ಲಿ ಹಿಡಿದು ಒಪ್ಪಿಸಿದೆ. ಅದು ಅವರ ತೋಳಿನ ಮೇಲೆ ಮೂರು ಮಡಿಕೆಯಾಗಿ ಕುಸಿಯಿತು. ಅವರು ಅದನ್ನು ನೋಡಿದರು. ನನ್ನನ್ನು ನೋಡಿದರು. ಮೆಟ್ಟಿಲ ಮೇಲೆ ಕೂತರು. ಕಾರ್ಲ್ ಬಂದ, ಕೋಟು ನೋಡಿದ, ಕೆಳಗಿನ ಮೆಟ್ಟಿಲಲ್ಲಿ ಕೂತ. ಯಾಕೆಂದು ತಿಳಿಯದೆ ನಾನೂ ಅದರ ಕೆಳಗಿನ ಮೆಟ್ಟಿಲಲ್ಲಿ ಕೂತೆ.

ಕೊನೆಗೆ ಕಾರ್ಲ್ ಬಿಡಿಸಿ ಹೇಳಿದ. ಆ ಕೋಟು ಗಡುಸಾಗಿರುವುದೇ ಅದರ ಗುಣ. ಬೆನ್ನಿಗೆ ಗೋಡೆಯಂತೆ ಒರಗು ಕೊಟ್ಟು ಮೈ ಅಲುಗದಂತೆ ಹಿಡಿಯುವುದು ಅದೇ. ಮೈಯಳತೆಗೆ ಹೊಲಿಸಿದ್ದು, ಇನ್ನೊಂದು ಹೊಲಿಸಲು ಆರು ವಾರ ಬೇಕು. ಶನಿವಾರ ಆಯ್ಕೆಯ ಸ್ಪರ್ಧೆ. ಮೊದಲ ಮೂವರು ವಿಶ್ವ ಚಾಂಪಿಯನ್‌ಷಿಪ್‌ಗೆ ಹೋಗುತ್ತಾರೆ. ಹಿಂದಿನ ಸಲ ಹಿಲ್ಡಮ್ಮ ಒಂದೇ ಅಂಕದಿಂದ ಅವಕಾಶ ಕಳೆದುಕೊಂಡಿದ್ದರು. ಈ ಸಲವೂ ಆಗದಿದ್ದರೆ ರೈಫಲ್ ಮಾರಿಬಿಡುವುದೆಂದು ನಿರ್ಧರಿಸಿದ್ದರು.

ಅವರು ಆ ಮೆತ್ತನೆ ಕೋಟು ತೊಟ್ಟು ಹತ್ತು ಗುಂಡು ಹೊಡೆದು ನೋಡಿದರು. ತೂತುಗಳು ಚೆಲ್ಲಿದ ರಾಗಿಯಂತೆ ರಟ್ಟಿನ ತುಂಬ ಬಿದ್ದಿದ್ದವು. ಆದರೂ ಒಂದು ಬೈಗುಳ ಬರಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ರಾತ್ರಿ ಊಟಕ್ಕೆ ಕಾರ್ಲ್ ಎಂದಿನಂತೆ ನನ್ನ ಮುಂದೆ ಬ್ರೆಡ್ಡು ಇಟ್ಟಾಗ ನನಗೆ ನಿಜವಾಗಿ ಅಳು ಬಂತು.

ಕಾರ್ಲ್‌ನ ಅಡುಗೆಮನೆ

ಶುಕ್ರವಾರ ಹಿಲ್ಡಮ್ಮ ರಜೆ ಹಾಕಿ ಕೋಣೆ ಸೇರಿದ್ದರು. ಕ್ಷಮೆ ಕೇಳಲು ಮಾತು ಸಾಲದೆ, ನನಗೆ ಬರುವ ಒಂದೇ ಅಡುಗೆಯಾದ ಸಾರನ್ನಾದರೂ ಮಾಡಿಕೊಡೋಣ ಎಂದು ಬೆಳಿಗ್ಗೆಯೇ ಹುಣಸೆಹಣ್ಣು ಬಿಚ್ಚಿದೆ. ಅವ್ವನನ್ನು ಬೈದುಕೊಳ್ಳುತ್ತಲೇ ಬೀಜ ಬಿಡಿಸುತ್ತಿದ್ದೆ. ಬೀಜದ ರಾಶಿ ಅಂಗೈ ತುಂಬಿದಾಗ ಥಟ್ಟನೆ ನಮ್ಮ ಓಣಿ ಕಣ್ಣಿಗೆ ಬಂತು. ಕಂಬಳಿಯ ಎಳೆಗಳನ್ನು ಓಣಿಯುದ್ದಕ್ಕೂ ಕಟ್ಟಿ, ಅಪ್ಪ ಅವ್ವ ಎರಡೂ ಕಡೆ ನಿಂತು ಗಂಜಿ ಹಚ್ಚುತ್ತಿದ್ದರು. ಒಣಗಿದರೆ ಉಣ್ಣೆಯ ಎಳೆ ತಂತಿಯ ಹಾಗೆ ನಿಲ್ಲುತ್ತಿತ್ತು. ಆ ಗಂಜಿ ಹುಣಸೆಬೀಜದ್ದು!

ಶಾಲೆಗೆ ಮಕ್ಕಳನ್ನು ಬಿಟ್ಟು ಆಗಷ್ಟೇ ಮನೆಗೆ ಬಂದಿದ್ದ ಕಾರ್ಲ್‌ನಿಂದ ಫೋನು ಮಾಡಿಸಿದೆ. ತಿಪ್ಪೇಸ್ವಾಮಿ ಓಡಿಹೋಗಿ ಅವ್ವನನ್ನು ಬೂತಿಗೆ ಕರೆತಂದ.

"ಅವ್ವ, ಒಂದು ಕೋಟು ಗಡುಸು ಮಾಡ್ಬೇಕು. ಹುಣಸೆಬೀಜದ ಗಂಜಿ ಎಷ್ಟು ಸಲ ಹಚ್ಚಲಿ?"

"ಎಲ್ಡು ಸಲ ಸಾಕು. ಮೂರನೇದು ಹಚ್ಚಿದ್ರೆ ಬಂಡೆ ಆಗ್ತೈತೆ. ಹಂಗೇನಾದ್ರೂ ಆತು ಅಂದ್ರೆ ಬರಿಗಾಲಾಗೆ ತುಳಿ. ಸದ್ದು ಕೇಳ್ಕಂತಾ ತುಳಿ. ಅದಿರ್ಲಿ, ಬೀಜ ಎಲ್ಲಿ ಸಿಕ್ವು ನಿನಗೆ?"

ಲೈನು ಕಟ್ಟಾಯಿತು ಎಂದು ಸುಳ್ಳು ಹೇಳಿ ಫೋನಿಟ್ಟೆ.

ಬೀಜ ಹುರಿದೆವು, ಸಿಪ್ಪೆ ಕಳಚಿದೆವು. ಕಾರ್ಲ್ ಅವನ್ನು ಕಾಫಿಬೀಜ ಪುಡಿ ಮಾಡುವ ಯಂತ್ರಕ್ಕೆ ಹಾಕಿದ. ಅದು ಒಮ್ಮೆ ಕಿರುಚಿ ಪ್ರಾಣ ಬಿಟ್ಟಿತು. ಆಮೇಲೆ ಸುತ್ತಿಗೆ ತಂದು, ನಾನು ಹಿಂದಿನ ದಿನ ಕೋಟು ಕುಕ್ಕಿದ ಅದೇ ಕಲ್ಲಿನ ಮೇಲೆ ಇಬ್ಬರೂ ಜಜ್ಜಿದೆವು. ಪುಡಿಯನ್ನು ಕುದಿಸಿ ಗಂಜಿ ಮಾಡಿ, ಎರಡು ಕುರ್ಚಿಗಳ ನಡುವೆ ಕೋಟು ಬಿಗಿದು, ಬಣ್ಣದ ಕುಂಚದಿಂದ ಬಳಿದೆ. ಒಣಗಿತು. ಇನ್ನೊಂದು ಸಲ ಬಳಿದೆ. ಒಣಗಿತು. ಕೋಟು ಹದವಾಗಿ ನಿಂತಿತು. ಅಲ್ಲಿಗೆ ಬಿಡಬೇಕಿತ್ತು. ಆದರೆ ತಪ್ಪು ಮಾಡಿದವನ ಕೈ ನಿಲ್ಲುತ್ತದೆಯೇ? ಪಾತ್ರೆಯಲ್ಲಿ ಗಂಜಿ ಉಳಿದಿತ್ತು. ಇರಲಿ ಎಂದು ಮೂರನೆಯದನ್ನೂ ಬಳಿದೆ.

ಸ್ಪರ್ಧೆಯ ಮನೆ

ಶನಿವಾರ ಬೆಳಿಗ್ಗೆ ಕೋಟನ್ನು ಕಾರಿನಲ್ಲಿ ನಾಲ್ಕನೆಯ ಪ್ರಯಾಣಿಕನಂತೆ ಕೂರಿಸಿಕೊಂಡು ಹೋದೆವು. ಸ್ಪರ್ಧೆಗೆ ಮೊದಲು ಕೋಟಿನ ತಪಾಸಣೆ ಇರುತ್ತದೆಂದು ನನಗೆ ಗೊತ್ತಿರಲಿಲ್ಲ. ಕೋಟು ಗಡುಸಿರಬೇಕು, ಆದರೆ ನಿಯಮ ಮೀರಿ ಗಡುಸಿರಬಾರದು. ತೆಳ್ಳನೆಯ ತಪಾಸಣೆಯವನು ಒಂದು ಉಪಕರಣದ ಕೆಳಗೆ ತೋಳನ್ನಿಟ್ಟು ಒತ್ತಿದ. ಉಪಕರಣದ ಮುಳ್ಳು ಅಲುಗಲಿಲ್ಲ. ಇನ್ನೊಮ್ಮೆ ಒತ್ತಿದ. ಬೆರಳ ಗೆಣ್ಣಿನಿಂದ ಕೋಟಿನ ಬೆನ್ನಿಗೆ ಬಡಿದ. ಕಡಪ ಕಲ್ಲಿಗೆ ಬಡಿದಂತೆ ಟಕ್ ಟಕ್ ಎಂದಿತು. ಆಮೇಲೆ ಮೂಸಿ ನೋಡಿ, ಏನನ್ನೂ ಬರೆದುಕೊಳ್ಳದೆ ತಲೆ ಅಲ್ಲಾಡಿಸಿದ. ಇನ್ನು ಒಂದೇ ಸಲ ತರಬಹುದು, ಅರ್ಧ ಗಂಟೆಯೊಳಗೆ ಎಂದ.

ಹಿಲ್ಡಮ್ಮ ನನ್ನ ಕಡೆ ತಿರುಗಿದರು. ನಾನು ಹೆಗಲ ಮೇಲಿನ ಕಂಬಳಿಯನ್ನು ಹೊರಗಿನ ಪಡಸಾಲೆಯಲ್ಲಿ ಹಾಸಿದೆ. ಕೋಟನ್ನು ಅದರ ಮೇಲೆ ಮಲಗಿಸಿದೆ. ಬೂಟು, ಕಾಲುಚೀಲ ಕಳಚಿ, ಮನಸ್ಸಿನಲ್ಲೇ ಜಟಿಂಗ ರಾಮೇಶ್ವರನನ್ನು ನೆನೆದು, ತುಳಿಯತೊಡಗಿದೆ.

ಹೊಸ ಕಂಬಳಿ ತುಳಿದು ಮೆತ್ತಗೆ ಮಾಡುವುದು ಚಿಕ್ಕಂದಿನಲ್ಲಿ ನನ್ನ ಪಾಲಿನ ಕೆಲಸ. ಆದರೆ ಆಗ ಹೆಚ್ಚು ತುಳಿದರೆ ಯಾರದ್ದೂ ಏನೂ ಹೋಗುತ್ತಿರಲಿಲ್ಲ. ಇಲ್ಲಿ ಕಮ್ಮಿಯಾದರೆ ತಪಾಸಣೆಯಲ್ಲಿ ಸೋಲು, ಹೆಚ್ಚಾದರೆ ಮತ್ತೆ ಕುಲಾವಿ. ಸುತ್ತ ನಾನಾ ಊರುಗಳ ಶೂಟರುಗಳು ರೈಫಲ್ ಹಿಡಿದು ವೃತ್ತಾಕಾರವಾಗಿ ನಿಂತಿದ್ದರು, ನಡುವೆ ನಾನು ಬರಿಗಾಲಲ್ಲಿ ಕುಣಿಯುತ್ತಿದ್ದೆ. ತಿಪ್ಪೇಸ್ವಾಮಿ ನೋಡಿದ್ದರೆ ಬದುಕಿರುವ ತನಕ ಆಡಿಕೊಳ್ಳುತ್ತಿದ್ದ. ಹಿಮ್ಮಡಿಯ ಕೆಳಗೆ ಪಟಪಟ ಎನ್ನುತ್ತಿತ್ತು. ಅವ್ವ ಹೇಳಿದಂತೆ ಕಿವಿಗೊಟ್ಟು ತುಳಿದೆ. ಬೆನ್ನು, ತೋಳು, ಭುಜ. ಪಟಪಟ. ಬೆವರು ಮೂಗಿನ ತುದಿಗೆ ಇಳಿಯಿತು. ಆಗ ಸದ್ದು ಬದಲಾಯಿತು. ಧಪ್. ಅದೇ ಕ್ಷಣಕ್ಕೆ ಹಿಲ್ಡಮ್ಮ ಕೈ ಎತ್ತಿದರು. ಅವರ ಕಿವಿಗೂ ಅದು ಬಿದ್ದಿತ್ತು.

ತಪಾಸಣೆಯವನು ಒತ್ತಿದ. ಮುಳ್ಳು ನಡುಗುತ್ತ ನಡುಗುತ್ತ ನಿಯಮದ ಗೆರೆಯವರೆಗೆ ಬಂದು ಅಲ್ಲೇ ನಿಂತಿತು. ಅವನು ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿ, ಮುದ್ರೆ ಒತ್ತಿದ.

ಸ್ಪರ್ಧೆ ನಡೆದ ಕೋಣೆಯಲ್ಲಿ ಸೂಜಿ ಬಿದ್ದರೂ ಕೇಳುವಷ್ಟು ನಿಶ್ಶಬ್ದ. ಹಿಲ್ಡಮ್ಮನ ಮೊದಲ ನಾಲ್ಕು ಗುಂಡು ಚುಕ್ಕಿಯ ಅಂಚಿಗೂ ತಾಗಲಿಲ್ಲ, ಆಮೇಲಿನವು ಒಂದೊಂದಾಗಿ ಜಾಗಕ್ಕೆ ಬಿದ್ದವು. ಮೂವತ್ತೊಂಬತ್ತು ಮುಗಿದಾಗ ಮೂರನೆಯ ಸ್ಥಾನಕ್ಕೆ ಅವರೂ ಇನ್ನೊಬ್ಬ ಹುಡುಗಿಯೂ ಸರಿಸಮ. ಹುಡುಗಿಯ ಕೊನೆಯ ಗುಂಡು ಚುಕ್ಕಿ ತಪ್ಪಿ ಒಂಬತ್ತಕ್ಕೆ ಬಿತ್ತು. ಹಿಲ್ಡಮ್ಮ ರೈಫಲ್ ಎತ್ತಿದರು, ಇಳಿಸಿದರು. ಮತ್ತೆ ಎತ್ತಿದರು, ಇಳಿಸಿದರು. ಗಡಿಯಾರ ಓಡುತ್ತಿತ್ತು. ಕಬಡ್ಡಿ ಕಣದ ಪಕ್ಕ ಬೆಳೆದ ನನ್ನ ಗಂಟಲಿಗೆ "ಹೊಡಿಯವ್ವಾ!" ಎಂಬ ಕೂಗು ಬಂದೇಬಿಟ್ಟಿತು. ಬಾಯಿ ತೆರೆದೆ. ಪಕ್ಕದಲ್ಲಿದ್ದ ಕಾರ್ಲ್ ಅದಕ್ಕೆ ಅರ್ಧ ಬನ್ನು ತುರುಕಿದ.

ಟಪ್. ಹತ್ತು.

ಕೋಣೆಯಿಂದ ಹೊರಬಂದ ಹಿಲ್ಡಮ್ಮ ಆ ಕೋಟಿನಲ್ಲೇ ತಗಡಿನ ಬೊಂಬೆಯಂತೆ ನಡೆಯುತ್ತ ನೇರ ನನ್ನ ಬಳಿ ಬಂದರು. ಮೊದಲ ನಾಲ್ಕು ಗುಂಡು ಯಾಕೆ ಹಾಗಾಯಿತು ಎಂದು ಕಾರ್ಲ್ ಕೇಳಿದ್ದಕ್ಕೆ, ಕೊರಳಪಟ್ಟಿಯಿಂದ ಬರುವ ಹುರಿದ ಬೀಜದ ವಾಸನೆಗೆ ಬಾಯಲ್ಲಿ ನೀರು ಬರುತ್ತಿತ್ತು, ನುಂಗುವುದೇ ಕೆಲಸವಾಯಿತು ಎಂದರು. ಆಮೇಲೆ ಬನ್ನು ಅಗಿಯುತ್ತ, ಕಣ್ಣು ಒರೆಸಿಕೊಳ್ಳುತ್ತ ನಿಂತಿದ್ದ ನನ್ನನ್ನು ನೋಡಿ ಇಂಗ್ಲಿಷಿನಲ್ಲಿ ಮೆಲ್ಲಗೆ, "ಊಟ ಆಯ್ತಾ?" ಎಂದು ಕೇಳಿದರು. ಬ್ರೆಡ್ಡು ತರಲು ಯಾರ ಕಡೆಯೂ ನೋಡಲಿಲ್ಲ. ನಮ್ಮ ಓಣಿಯವರು ಕೇಳುವಂತೆಯೇ ಕೇಳಿದರು.

"ಆಯ್ತು ತಾಯಿ," ಎಂದು ಕನ್ನಡದಲ್ಲೇ ಹೇಳಿದೆ.

ಮತ್ತೆ ಚಳ್ಳಕೆರೆ

ಮೇಳ ಮುಗಿಸಿ ವಾಪಸು ಬಂದ ದಿನ ಪಡಸಾಲೆಯಲ್ಲಿ ಸಭೆ ಸೇರಿತ್ತು. ಗಂಜಿ ಹಚ್ಚಿದ್ದು, ತುಳಿದಿದ್ದು, ಕೊನೆಯ ಗುಂಡು ಎಲ್ಲವನ್ನೂ ಕೈಕಾಲು ಆಡಿಸಿ ಹೇಳಿದೆ. ಅವ್ವನ ಸಂಭ್ರಮ ಹೇಳತೀರದು.

"ಬೀಜ ಯಾಕೆ ಇಟ್ಟೆ ಅಂತ ನನ್ನೇ ಗದರಿದ್ನಲ್ಲ ಇವ್ನು! ಈಗ ಯಾರ ಬೀಜಕ್ಕೆ ಗೆದ್ದಿದ್ದು?"

"ನಿನ್ ಬೀಜಕ್ಕೇ ಗೆದ್ದಿದ್ದು ಬಿಡವ್ವ," ಅಂದ ತಿಪ್ಪೇಸ್ವಾಮಿ. "ಎಸ್‌ಟಿಡಿ ಬೂತಿಂದೂ ಒಂಚೂರು ಐತೆ."

ಗಂಗಮ್ಮ ಕಂಬಕ್ಕೆ ಒರಗಿ ಕೇಳುತ್ತಿದ್ದಳು. ಎಲ್ಲರ ನಗು ನಿಂತ ಮೇಲೆ ಕೇಳಿದಳು, "ಎಲ್ಲಾ ಸರಿ ರೀ. ಅಷ್ಟು ಗಡುಸಿದ್ದ ಕೋಟು ಮೊದ್ಲು ಮೆತ್ತಗೆ ಹೆಂಗಾತು ಅಂತ ಹೇಳ್ಲೇ ಇಲ್ವಲ್ಲ?"

ಆ ಒಂದು ಭಾಗವನ್ನು ನಾನು ಜಾಣತನದಿಂದ ಹಾರಿಸಿದ್ದೆ.

"ಅದು... ನಾನೇ ಒಗೆದಿದ್ದೆ."

ಗಂಗಮ್ಮ ನನ್ನನ್ನು ನೋಡಿದ ರೀತಿಗೆ ಹಿಲ್ಡಮ್ಮನ ಮೆಟ್ಟಿಲು ನೆನಪಾಯಿತು. "ಹದಿನೆಂಟು ವರ್ಷ ಆತು ಈ ಮನೆಗೆ ಬಂದು," ಅಂದಳು. ಅಷ್ಟೇ. ಒಳಗೆ ಹೋದಳು. ತಿಪ್ಪೇಸ್ವಾಮಿ ಬೂತು ತೆರೆಯಬೇಕೆಂದು ಎದ್ದ. ಅವ್ವನೂ ಮುಖ ತಿರುಗಿಸಿ ನೂಲಲು ಕೂತಳು.

ಮಾರನೆಯ ಬೆಳಿಗ್ಗೆ ಹಿತ್ತಿಲಿಗೆ ಹೋದರೆ, ಒಗೆಯುವ ಕಲ್ಲಿನ ಪಕ್ಕ ಬಕೆಟ್ಟಿನ ತುಂಬ ಮನೆಮಂದಿಯ ಬಟ್ಟೆ ನೆನೆದಿತ್ತು. ಕಲ್ಲಿನ ಮೇಲೆ ಜರ್ಮನಿಗೆ ಹೋಗಿ ಬಂದ ಅದೇ ಸೋಪು, ಅರ್ಧ ಸವೆದದ್ದು, ಕಾಯುತ್ತಿತ್ತು. ನಾನು ಅತ್ತಿತ್ತ ನೋಡಿ, ಪಂಚೆ ಎತ್ತಿ ಕಟ್ಟಿದೆ. ಮೊದಲ ಬಟ್ಟೆ ಎತ್ತಿ ಕುಕ್ಕಿದೆನೋ ಇಲ್ಲವೋ, ಅಡುಗೆಮನೆಯಿಂದ ಗಂಗಮ್ಮನ ದನಿ ಬಂತು:

"ಸದ್ದು ಕೇಳ್ಕಂತಾ ಒಗೀರಿ!"